ಕಂಬಕ್ಕೆ ಉಪದೇಶ

ನಾಟಕಕ್ಕೆ, ಕಾದಂಬರಿಗೆ, ಚಲನಚಿತ್ರಕ್ಕೆ ವಿಮರ್ಶೆ ಬರೆಯುವವರುಂಟು. ಉಪನ್ಯಾಸಕ್ಕೆ ಬರೆಯುವವರು ಕಡಿಮೆ. ಉಪನ್ಯಾಸ ಮುಗಿದ ಕೂಡಲೇ ವಂದನಾರ್ಪಣೆ, ಅದರ ಹಿಂದೆಯೇ ಕಾಫಿ. ಕಾಫಿ ಕುಡಿದ ಮೇಲೆ ವಿಮರ್ಶಿಸುವ ಮನಸ್ಸು ಯಾರಿಗೆ ತಾನೇ ಉಳಿದೀತು? ಆದರೂ ಈ ಸಲ ಸಂಪಾದಕರ ಅಪ್ಪಣೆ ಪಡೆದು ಅಂಥದೊಂದು ಸಾಹಸಕ್ಕೆ ಕೈಹಾಕಿದ್ದೇನೆ. ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ 1964ರ ನಡತೆ ನಿಯಮಗಳು ಸರ್ಕಾರದ ನೀತಿಯನ್ನು ಟೀಕಿಸಲು ಬಿಡುವುದಿಲ್ಲ. ಉಪನ್ಯಾಸವನ್ನು ಟೀಕಿಸಬಾರದೆಂದು ಮಾತ್ರ ಆ ನಿಯಮಗಳಲ್ಲಿ ಎಲ್ಲಿಯೂ ಇಲ್ಲ, ಅದೇ ನನ್ನ ಧೈರ್ಯ.

ಕಳೆದ ತಿಂಗಳು ಕೊಚ್ಚಿಯ ಒಂದು ಕಚೇರಿಯಲ್ಲಿ ನಮ್ಮಂಥ ನೌಕರರನ್ನೆಲ್ಲ ಕೂಡಿಸಿ, ಕೆಲಸದ ಒತ್ತಡವನ್ನು ಗೆಲ್ಲುವುದು ಹೇಗೆ ಎಂಬುದರ ಮೇಲೆ ಎರಡು ಗಂಟೆಗಳ ಉಪನ್ಯಾಸ ಏರ್ಪಡಿಸಿದ್ದರು. ಉಪನ್ಯಾಸಕರು ಸಜ್ಜನರು, ಮಾತುಗಾರಿಕೆ ಉಳ್ಳವರು, ನಗಿಸಬಲ್ಲವರು. ಬೆಳಿಗ್ಗೆ ಬೇಗ ಏಳಿ, ದೀರ್ಘವಾಗಿ ಉಸಿರಾಡಿ, ದಿನದ ಕೆಲಸಗಳ ಪಟ್ಟಿ ಮಾಡಿಕೊಳ್ಳಿ, ಮೇಲಧಿಕಾರಿಯ ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸದಾ ಪ್ರಸನ್ನರಾಗಿರಿ. ಇವು ಅವರ ಸೂತ್ರಗಳು. ಕೊನೆಗೆ ಒಂದು ಲೋಟ ನೀರನ್ನು ಎತ್ತಿ ಹಿಡಿದು, "ಇದರ ತೂಕ ಎಷ್ಟೆಂಬುದು ಮುಖ್ಯವಲ್ಲ, ಎಷ್ಟು ಹೊತ್ತು ಹಿಡಿದಿದ್ದೀರಿ ಎಂಬುದು ಮುಖ್ಯ. ಒಂದು ನಿಮಿಷ ಹಿಡಿದರೆ ಏನೂ ಇಲ್ಲ. ಒಂದು ಗಂಟೆ ಹಿಡಿದರೆ ಕೈ ನೋವು. ದಿನವಿಡೀ ಹಿಡಿದರೆ ಕೈಯೇ ಮರಗಟ್ಟುತ್ತದೆ. ಆದ್ದರಿಂದ ಲೋಟವನ್ನು ಕೆಳಗಿಡಿ!" ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಲಯಾಳಿ ಮಿತ್ರರು, ನಿವೃತ್ತಿಗೆ ಎರಡೇ ವರ್ಷ ಉಳಿದವರು, ನನ್ನ ಕಿವಿಯ ಹತ್ತಿರ ಬಗ್ಗಿ "ಮೇಶ ಎವಿಡೆ?" ಎಂದರು. ಮೇಜು ಎಲ್ಲಿದೆ?

ಆ ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ. ಮುಂದಿನದೆಲ್ಲ ಆ ಎರಡು ಶಬ್ದಗಳ ವಿವರಣೆ ಮಾತ್ರ. ನಾವು ಅಲ್ಲಿ ಕುಳಿತು ಉಸಿರಾಟ ಕಲಿಯುತ್ತಿದ್ದ ಎರಡು ಗಂಟೆಯಲ್ಲಿ ನಮ್ಮ ಕಿಸೆಯೊಳಗಿನ ಫೋನುಗಳು ಸುಮ್ಮನಿರಲಿಲ್ಲ. ಮಧ್ಯಾಹ್ನದೊಳಗೆ ಒಂದು ತಃಖ್ತೆ ಕಳುಹಿಸಬೇಕೆಂದು ಮೂರು ಸಲ ಜ್ಞಾಪನೆ ಬಂದಿತ್ತು. ಒತ್ತಡ ಗೆಲ್ಲುವ ಕಲೆಯನ್ನು ಕಲಿತ ತಪ್ಪಿಗೆ ಆ ದಿನ ನಾನು ಕಚೇರಿ ಬಿಟ್ಟದ್ದು ರಾತ್ರಿ ಎಂಟಕ್ಕೆ.

ಬಿ.ಎಸ್ಸಿ. ಪದವಿ ನನಗೆ ಗುಮಾಸ್ತಗಿರಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿಲ್ಲ. ಆದರೆ 'ಸ್ಟ್ರೆಸ್' ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ನೆನಪಾಗುತ್ತದೆ. ತೊಲೆಯಿಂದ ಒಂದು ತಂತಿ ಇಳಿಬಿಟ್ಟು, ಅದರ ತುದಿಗೆ ಅರ್ಧ ಅರ್ಧ ಕಿಲೋ ತೂಕ ಸೇರಿಸುತ್ತ ಹೋಗುವ ಪ್ರಯೋಗ ಅದು. ತಂತಿಯ ಮೇಲೆ ಬೀಳುವ ಬಲವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಸ್ಟ್ರೆಸ್. ಆ ಬಲದಿಂದಾಗಿ ತಂತಿ ತನ್ನ ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿತು ಎಂಬುದು ಸ್ಟ್ರೇನ್. ಮೊದಲನೆಯದು ಕಾರಣ, ಎರಡನೆಯದು ಪರಿಣಾಮ. ಇವೆರಡನ್ನೂ ಬೆರೆಸಿ ಬರೆದವರಿಗೆ ನಮ್ಮ ಮೇಷ್ಟರು ಸೊನ್ನೆ ಕೊಡುತ್ತಿದ್ದರು.

ನಮ್ಮ ಮನೆಗಳಲ್ಲಿ ಇಂದು 'ಸ್ಟ್ರೆಸ್' ಎಂದು ಕರೆಯುವ ತಲೆಶೂಲೆ, ಸಿಡುಕು, ನಿದ್ದೆಗೇಡು, ಏರಿದ ರಕ್ತದೊತ್ತಡ ಇವೆಲ್ಲ ಆ ಲೆಕ್ಕದಲ್ಲಿ ಸ್ಟ್ರೇನು. ಈ ಗೊಂದಲಕ್ಕೆ ಒಂದು ಚರಿತ್ರೆಯೂ ಉಂಟು. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ವೈದ್ಯವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಸಣ್ಣ ಟಿಪ್ಪಣಿಯೊಂದರಿಂದ ಈ ವಿಚಾರ ವೈದ್ಯಶಾಸ್ತ್ರಕ್ಕೆ ಬಂತು. ದೇಹ ತೋರುವ ಪ್ರತಿಕ್ರಿಯೆಗೆ ಅವರು ಮುಂದೆ 'ಸ್ಟ್ರೆಸ್' ಎಂಬ ಹೆಸರಿಟ್ಟರು. ತಮ್ಮ ಇಂಗ್ಲಿಷ್ ಇನ್ನಷ್ಟು ಚೆನ್ನಾಗಿದ್ದಿದ್ದರೆ 'ಸ್ಟ್ರೇನ್' ಎಂದೇ ಕರೆಯುತ್ತಿದ್ದೆ ಎಂದು ಬಹಳ ವರ್ಷಗಳ ನಂತರ ಅವರೇ ಹೇಳಿಕೊಂಡರು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ಇದು ಬರಿಯ ಶಬ್ದದ ತಕರಾರಲ್ಲ. ತಂತಿಯ ಮೇಲಿನ ಸ್ಟ್ರೆಸ್ ತಗ್ಗಿಸಲು ಭೌತಶಾಸ್ತ್ರಕ್ಕೆ ಎರಡೇ ದಾರಿ ಗೊತ್ತು: ತೂಕ ಇಳಿಸುವುದು, ಇಲ್ಲವೇ ತಂತಿಯನ್ನು ದಪ್ಪ ಮಾಡುವುದು. ಪ್ರಸನ್ನವಾಗಿರು ಎಂದು ತಂತಿಗೆ ಹೇಳುವುದು ಮೂರನೆಯ ದಾರಿಯಲ್ಲ. ಉಪನ್ಯಾಸಕರಿಗೆ ನ್ಯಾಯ ಸಲ್ಲಿಸುವುದಾದರೆ, ತಂತಿಯ ಗುಣವೂ ಮುಖ್ಯವೇ. ಅದೇ ತೂಕಕ್ಕೆ ತಾಮ್ರ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ. ಒಳ್ಳೆಯ ನಿದ್ದೆ, ನಡಿಗೆ, ಉಸಿರಾಟ ಇವು ನಮ್ಮನ್ನು ತಾಮ್ರದಿಂದ ಉಕ್ಕಿನ ಕಡೆಗೆ ಸ್ವಲ್ಪ ಒಯ್ಯಬಹುದು, ಬೇಡವೆನ್ನುವುದಿಲ್ಲ. ಆದರೆ ಉಕ್ಕಿಗೂ ಒಂದು ಮಿತಿಯುಂಟು. ಆ ಮಿತಿ ದಾಟಿದ ಮೇಲೆ ತೂಕ ತೆಗೆದರೂ ತಂತಿ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಎರಡು ದಿನ ರಜೆ ಹಾಕಿ ಮುನ್ನಾರಿಗೆ ಹೋಗಿಬಂದರೂ ದಣಿವು ಹೋಗಲಿಲ್ಲ ಎನ್ನುವವರು ನಮ್ಮ ನಡುವೆ ಎಷ್ಟು ಮಂದಿ!

ಈಗ ನನ್ನದೇ ಕಥೆ. ಕೊಚ್ಚಿಗೆ ಬರುವ ಮೊದಲು ತಿರುವನಂತಪುರದ ಒಂದು ಕಚೇರಿಯಲ್ಲಿದ್ದೆ. ಆರು ಜನರ ಸೆಕ್ಷನ್. ಒಬ್ಬರು ನಿವೃತ್ತರಾದರು, ಒಬ್ಬರಿಗೆ ವರ್ಗವಾಯಿತು, ಇನ್ನೊಬ್ಬರು ಬಡ್ತಿ ಪಡೆದು ಹೋದರು. ಅವರವರ ಬೀಳ್ಕೊಡುಗೆಗೆ ಹಾರ, ಉಪ್ಪೇರಿ, ಪಾಯಸ ಎಲ್ಲ ಆಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ನನ್ನ ಸ್ವಂತದ್ದಲ್ಲದೆ ಮತ್ತೆರಡು ಸೀಟುಗಳ ಹೆಚ್ಚುವರಿ ಹೊಣೆ 'ಮುಂದಿನ ಆದೇಶದವರೆಗೆ' ನನ್ನ ಹೆಗಲಿಗೆ ಬಿತ್ತು. ಮುಂದಿನ ಆದೇಶ ಎರಡೂವರೆ ವರ್ಷ ಬರಲಿಲ್ಲ. ತೂಕ ಅಷ್ಟೇ, ತಂತಿ ಅರ್ಧ, ಸ್ಟ್ರೆಸ್ ಇಮ್ಮಡಿ. ಇದಕ್ಕೆ ಮನಶ್ಶಾಸ್ತ್ರವೇನೂ ಬೇಕಿಲ್ಲ, ಭಾಗಾಕಾರ ಸಾಕು.

ಒಂದು ಮಾರ್ಚ್ ತಿಂಗಳ ಕೊನೆಯ ವಾರ ಮೆಟ್ಟಿಲ ಮೇಲೆ ತಲೆಸುತ್ತಿ ಕುಳಿತುಬಿಟ್ಟೆ. ಡಾಕ್ಟರು ರಕ್ತದೊತ್ತಡ ನೋಡಿ ಹುಬ್ಬೇರಿಸಿದರು. ಉಪ್ಪು ಎಷ್ಟು, ಉಪ್ಪಿನಕಾಯಿ ಎಷ್ಟು, ಕಾಫಿ ಎಷ್ಟು, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದೆಲ್ಲ ವಿಚಾರಿಸಿದರು. ಎಷ್ಟು ಸೀಟು ನೋಡುತ್ತೀರಿ ಎಂದು ಕೇಳಲಿಲ್ಲ. ನಮ್ಮ ಮನೆಯಾಕೆ ಅಂದೇ ಮಾವಿನಮಿಡಿಯ ಭರಣಿಯನ್ನು ಅಟ್ಟಕ್ಕೇರಿಸಿದಳು. ಕಚೇರಿಯ ಖಾಲಿ ಕುರ್ಚಿಗಳು ಮಾತ್ರ ಖಾಲಿಯಾಗಿಯೇ ಉಳಿದವು.

ಆಮೇಲೆ ಒಂದು ತಿಂಗಳ ಕಾಲ ನನ್ನ ಮೇಜಿಗೆ ಬಂದ ಪ್ರತಿಯೊಂದು ಕಾಗದವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಮೂರು ಗುಂಪುಗಳಾದವು. ಒಂದು, ಯಾರಿಗಾದರೂ ಬರಬೇಕಾದ ಪಿಂಚಣಿಯೋ ಹಣವೋ ಉತ್ತರವೋ ಇರುವ ನಿಜವಾದ ಕೆಲಸ. ಎರಡು, ಒಂದೇ ಮಾಹಿತಿಯನ್ನು ಬೇರೆ ಬೇರೆ ಮೇಲಿನ ಕಚೇರಿಗಳಿಗೆ ಬೇರೆ ಬೇರೆ ನಮೂನೆಯಲ್ಲಿ ತುಂಬಿ ಕಳುಹಿಸುವ ಕೆಲಸ. ಮೂರು, ಎರಡನೆಯದು ಏಕೆ ತಡವಾಯಿತೆಂದು ಬಂದ ಜ್ಞಾಪನೆಗಳಿಗೆ ಉತ್ತರ ಬರೆಯುವ ಕೆಲಸ. ಮೊದಲನೆಯ ಗುಂಪಿನಿಂದ ನಾನು ಒಮ್ಮೆಯೂ ದಣಿದದ್ದಿಲ್ಲ. ಒಬ್ಬ ವಿಧವೆಯ ಕುಟುಂಬ ಪಿಂಚಣಿ ಸರಿಮಾಡಿ ಕೊಟ್ಟ ದಿನ ಎಂಟು ಗಂಟೆಯಾದರೂ ಹಗುರವಾಗಿಯೇ ಮನೆಗೆ ಹೋಗಿದ್ದೇನೆ. ಜೀವ ಹಿಂಡಿದ್ದು ಉಳಿದೆರಡು.

ಇದು ಸರ್ಕಾರಿ ಕಚೇರಿಯ ಕಥೆ ಮಾತ್ರವೆಂದು ಖಾಸಗಿಯಲ್ಲಿರುವವರು ನಗಬಾರದು. 2024ರಲ್ಲಿ ನಮ್ಮ ಕೊಚ್ಚಿಯದೇ ಒಬ್ಬ ಹೆಣ್ಣುಮಗಳು, ಚಾರ್ಟರ್ಡ್ ಅಕೌಂಟೆಂಟ್, 26 ವರ್ಷದವಳು, ಪುಣೆಯಲ್ಲಿ ತೀರಿಕೊಂಡಳು. ಇ.ವೈ. ಜಾಲಕ್ಕೆ ಸೇರಿದ ಲೆಕ್ಕಪರಿಶೋಧನಾ ಸಂಸ್ಥೆಗೆ ಮಾರ್ಚ್‌ನಲ್ಲಿ ಸೇರಿದವಳು ಜುಲೈ 20ರಂದು ಇಲ್ಲವಾದಳು. ತಾಯಿ ಸಂಸ್ಥೆಯ ಭಾರತದ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಕೆಲಸದ ಒತ್ತಡವೇ ಸಾವಿಗೆ ಕಾರಣವೆಂಬುದನ್ನು ಸಂಸ್ಥೆಯ ಮುಖ್ಯಸ್ಥರು ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಮಂತ್ರಾಲಯ ವಿಚಾರಣೆಗೆ ತೆಗೆದುಕೊಂಡಿತು. ಸಾವಿನ ಕಾರಣದ ತೀರ್ಪು ನನ್ನ ಕೆಲಸವಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪತ್ರದಲ್ಲಿ ತಾಯಿ ಹೇಳಿದ ಒಂದು ಸಂಗತಿ. ಕೆಲಸದ ಹೊರೆ ತಾಳಲಾರದೆ ಆ ತಂಡದಿಂದ ಹಲವರು ರಾಜೀನಾಮೆ ಕೊಟ್ಟು ಹೋಗಿದ್ದರಂತೆ. ನೀನಾದರೂ ನಿಂತು, ನಮ್ಮ ತಂಡದ ಬಗ್ಗೆ ಎಲ್ಲರಿಗಿರುವ ಅಭಿಪ್ರಾಯವನ್ನು ಬದಲಿಸಬೇಕೆಂದು ಮೇಲಿನವರು ಹುಡುಗಿಗೆ ಹೇಳಿದ್ದರಂತೆ. ನೋಡಿ, ಜನ ಹೋದರು, ಕೆಲಸ ಉಳಿಯಿತು. ಉಳಿದವಳಿಗೆ ಕೇಳಿಸಿದ್ದು ಛಲದ ಮಾತು. ಆ ದಿನಗಳಲ್ಲಿ, ಮಕ್ಕಳಿಗೆ ಒತ್ತಡ ತಾಳುವ ಅಂತಃಶಕ್ತಿಯನ್ನು ಮನೆಯಲ್ಲೇ ಕಲಿಸಬೇಕೆಂಬ ಹಿತವಚನವೂ ದೊಡ್ಡವರ ಬಾಯಿಂದ ಬಂತು. ಕಂಬಕ್ಕೆ ಉಪದೇಶ ಮಾಡುವುದು ನಮ್ಮಲ್ಲಿ ಹೊಸತಲ್ಲ. ಮೇಲಿನ ಮಾಳಿಗೆಗೆ ಯಾರೂ ಉಪದೇಶ ಮಾಡುವುದಿಲ್ಲ.

ನನ್ನ ಅಕ್ಕನ ಮಗಳು ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಕೆಲಸಕ್ಕಿದ್ದಾಳೆ, ನಮ್ಮ ಮನೆಯಲ್ಲೇ ಇದ್ದಾಳೆ. ಒಂದು ರಾತ್ರಿ ಹತ್ತು ಗಂಟೆಗೆ ಊಟಕ್ಕೆ ಕುಳಿತಾಗ, "ಮಾಮ, ನೀವು ಫೈಲ್ ಅಂತೀರಿ, ನಾವು ಟಿಕೆಟ್ ಅಂತೀವಿ, ಅಷ್ಟೇ ವ್ಯತ್ಯಾಸ. ಹತ್ತು ಮುಚ್ಚೋ ಹೊತ್ತಿಗೆ ಹನ್ನೆರಡು ತೆರೆದಿರುತ್ತೆ" ಎಂದಳು. ಅವಳಿಗೆ ಆ ರಾತ್ರಿ ಒಂದು ಕಾಗದದ ಮೇಲೆ ಸರದಿಯ ಗಣಿತ ಬರೆದು ತೋರಿಸಿದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಗಾಗಿ ಕರೆಗಳ ಲೆಕ್ಕ ಹಾಕುತ್ತ 1909ರಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಕೆಲಸ ಹೊತ್ತುಗೊತ್ತಿಲ್ಲದೆ ಬರುತ್ತದೆ, ಒಂದೊಂದಕ್ಕೆ ಹಿಡಿಯುವ ಸಮಯವೂ ಒಂದೇ ಸಮನಲ್ಲ, ಮಾಡುವವನು ಒಬ್ಬನೇ ಎಂದಿಟ್ಟುಕೊಳ್ಳಿ. ಅವನ ಸಮಯದ ನೂರಕ್ಕೆ 80 ಭಾಗ ತುಂಬಿದ್ದರೆ ಸರಾಸರಿ 4 ಕಡತ ಅವನ ಬಳಿ ಬಾಕಿ ಇರುತ್ತವೆ. 90 ಭಾಗ ತುಂಬಿದರೆ 9. 95 ಆದರೆ 19. ನೂರಕ್ಕೆ ನೂರು ತುಂಬಿದರೆ? ಬಾಕಿಗೆ ಮಿತಿಯೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ಒಬ್ಬ ನೌಕರ ಒಂದು ನಿಮಿಷವೂ ಸುಮ್ಮನೆ ಕೂರಬಾರದು ಎಂದು ಮೇಲಿನವರು ಹಟ ಹಿಡಿದರೆ ಫಲ ಚುರುಕಲ್ಲ, ಬಾಕಿ. ಸ್ವಲ್ಪ ಬಿಡುವು ಎಂಬುದು ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿಯಲ್ಲ. ಯಂತ್ರಕ್ಕೆ ಎಣ್ಣೆ ಹೇಗೋ ಹಾಗೆ ಕೆಲಸ ಸಾಗಲು ಬೇಕಾದ ವಸ್ತು. 2016ರಲ್ಲಿ ಕೇರಳದ ಮುಖ್ಯಮಂತ್ರಿಯಾದ ಪಿಣರಾಯಿ ವಿಜಯನ್ ಅವರು ಆಗ ತಿರುವನಂತಪುರದ ಸಚಿವಾಲಯದ ನೌಕರರಿಗೆ, ಪ್ರತಿಯೊಂದು ಕಡತದಲ್ಲೂ ಒಂದು ಜೀವನವಿದೆ ಎಂದು ಹೇಳಿದ್ದರು. ಒಳ್ಳೆಯ ಮಾತು, ನೆನಪಿಡುವಂಥದು. ಕಡತ ಕಾದಿದೆ ಎಂದರೆ ಒಬ್ಬ ಮನುಷ್ಯ ಕಾದಿದ್ದಾನೆ. ಹಾಗಿರುವಾಗ ಖಾಲಿ ಕುರ್ಚಿ ಕೇವಲ ಗುಮಾಸ್ತನ ಅಳಲಲ್ಲ, ಕಿಟಕಿಯಾಚೆ ನಿಂತವರ ಅಳಲೂ ಹೌದು.

ಇಲ್ಲಿ ಭಾಷೆಯ ಒಂದು ಸ್ವಾರಸ್ಯ ಹೇಳಬೇಕು. ನಾವು ಕನ್ನಡಿಗರು ಕೆಲಸ ಹೆಚ್ಚಾದಾಗ "ಪುರುಸೊತ್ತಿಲ್ಲ" ಎನ್ನುತ್ತೇವೆ. ಮಲಯಾಳಿಗಳು "ತಿರಕ್ಕಾಣ್" ಎನ್ನುತ್ತಾರೆ. ತಿರಕ್ಕ್ ಎಂದರೆ ನೂಕುನುಗ್ಗಲು. ಬಸ್ಸಿನಲ್ಲಿಯೂ ಅದೇ ಶಬ್ದ, ಕಚೇರಿಯಲ್ಲಿಯೂ ಅದೇ ಶಬ್ದ. ನಮ್ಮ ಮಾತಿನಲ್ಲಿ ಕೊರತೆ ನಮ್ಮದು, ನಮ್ಮ ಬಳಿ ಏನೋ ಇಲ್ಲ. ಅವರ ಮಾತಿನಲ್ಲಿ ಹೊರಗೆ ಏನೋ ಹೆಚ್ಚಾಗಿದೆ. ಕಾರಣ ಹುಡುಕುವ ವಿಷಯದಲ್ಲಿ ಮಲಯಾಳದ ಶಬ್ದ ನಮ್ಮದಕ್ಕಿಂತ ಶಾಸ್ತ್ರೀಯವೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹೊರೆಯ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚು ಹೊಣೆ ಹೊತ್ತ ದೊಡ್ಡ ಅಧಿಕಾರಿಗೇ ಹೃದಯಾಘಾತ ಹೆಚ್ಚು ಎಂಬುದು ನಮ್ಮೆಲ್ಲರ ನಂಬಿಕೆ. ಲಂಡನ್ನಿನ ಸರ್ಕಾರಿ ನೌಕರರಾದ ಸುಮಾರು 18 ಸಾವಿರ ಗಂಡಸರನ್ನು 1967ರಿಂದ ಪರೀಕ್ಷಿಸುತ್ತ ಬಂದ 'ವೈಟ್‌ಹಾಲ್' ಅಧ್ಯಯನ ಈ ನಂಬಿಕೆಯನ್ನು ಬುಡಮೇಲು ಮಾಡಿತು. ಹೃದ್ರೋಗದ ಸಾವು ಅತಿ ಮೇಲಿನ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯವರಲ್ಲಿ ಮೂರು ಪಟ್ಟಿಗೂ ಹೆಚ್ಚು! ಧೂಮಪಾನ, ಕೊಬ್ಬು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಅರ್ಧಕ್ಕೂ ಉತ್ತರ ಸಿಗಲಿಲ್ಲ. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1985ರಲ್ಲಿ 10,308 ನೌಕರರೊಡನೆ ಎರಡನೆಯ ಅಧ್ಯಯನ ಆರಂಭಿಸಿದರು. ಆಗ ಎದ್ದು ಕಂಡ ಕಾರಣಗಳಲ್ಲಿ ಒಂದು, ತನ್ನ ಕೆಲಸವನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂಬುದರಲ್ಲಿ ತನಗೆ ಏನೂ ಮಾತಿಲ್ಲದಿರುವುದು. ಕೆಲಸ ಮಾಡುವ ಕೈ ಒಂದು, ಗಡಿಯಾರ ತಿರುಗಿಸುವ ಕೈ ಇನ್ನೊಂದು.

ಇದನ್ನು ಅಂಕಿಗಳಿಲ್ಲದೆ ಹೇಳಿದ ಕನ್ನಡ ಕೃತಿ ಯಶವಂತ ಚಿತ್ತಾಲರ 'ಶಿಕಾರಿ' (1979). ಮುಂಬಯಿಯ ರಸಾಯನ ಉದ್ಯಮದಲ್ಲಿ ತಾವೇ ದುಡಿದವರು ಚಿತ್ತಾಲರು. ಕಾದಂಬರಿಯ ನಾಗಪ್ಪನನ್ನು ಕಂಗೆಡಿಸುವುದು ಕೆಲಸದ ಹೊರೆಯಲ್ಲ, ಅವನ ಕೈಯಿಂದ ಕೆಲಸವನ್ನೇ ಕಿತ್ತುಕೊಂಡಿದ್ದಾರೆ. ತನ್ನ ಮೇಲಿನ ಆಪಾದನೆ ಏನು, ಹೊರಿಸಿದವರು ಯಾರು, ತೀರ್ಪು ಎಂದು ಎಂಬುದು ಸರಿಯಾಗಿ ತಿಳಿಯದೆ ಅವನು ತಲ್ಲಣಿಸುತ್ತಾನೆ. ಅವನಿಗೆ ದೀರ್ಘ ಉಸಿರಾಟ ಹೇಳಿಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಅಸ್ಪಷ್ಟವಾದ ಒಂದು ಮೆಮೊ ಹತ್ತು ಕಡತಗಳಿಗಿಂತ ಭಾರ ಎಂಬುದು ಅದನ್ನು ಪಡೆದವರಿಗೆಲ್ಲ ಗೊತ್ತು.

ಹಾಗಾದರೆ ಕಾರಣಕ್ಕೇ ಮದ್ದು ಹಾಕಿದ ಉದಾಹರಣೆ ಇಲ್ಲವೇ? ಇದೆ, ಈ ನೆಲದಲ್ಲೇ ಇದೆ. ಕೇರಳದ ಜವಳಿ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಹತ್ತು ಹನ್ನೆರಡು ಗಂಟೆ ನಿಂತೇ ಸೀರೆ ಬಿಡಿಸಿ ತೋರಿಸುತ್ತಿದ್ದರು, ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಕೋಳಿಕ್ಕೋಡಿನಲ್ಲಿ 'ಪೆಣ್‌ಕೂಟ್ಟ್' ಎಂಬ ಸಂಘಟನೆ ಕಟ್ಟಿದ ವಿಜಿ ಮತ್ತು ಅವರ ಗೆಳತಿಯರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿಯಾಗಿ ಕೂರುವ ವ್ಯವಸ್ಥೆ ಕಡ್ಡಾಯವಾಯಿತು. 2021ರಲ್ಲಿ ತಮಿಳುನಾಡು ಹಿಂಬಾಲಿಸಿತು. ಕಾಲುನೋವಿನ ಆ ಹೆಣ್ಣುಮಕ್ಕಳಿಗೆ ಸಹನೆಯ ಮೇಲೆ ಉಪನ್ಯಾಸ ಏರ್ಪಡಿಸಬಹುದಿತ್ತು. ಬೇಕಾಗಿದ್ದದ್ದು ಒಂದು ಸ್ಟೂಲು.

ಇಷ್ಟೆಲ್ಲ ಹೇಳಿ ತಪ್ಪನ್ನೆಲ್ಲ ಮಾಳಿಗೆಯ ಮೇಲೆ ಹೊರಿಸಿದರೆ ವಿಮರ್ಶೆ ಪಕ್ಷಪಾತದ್ದಾದೀತು. ನಮ್ಮ ಪಾಲೂ ಇದೆ. ಆ ಎರಡೂವರೆ ವರ್ಷದಲ್ಲಿ, ಮೂರು ಸೀಟು ಒಬ್ಬನಿಂದ ಆಗದು ಎಂದು ನಾನು ಒಮ್ಮೆಯೂ ಬರೆದು ಕೊಡಲಿಲ್ಲ. ಹೊರನಾಡಿನವನು, ಕೈಲಾಗದವನೆಂದು ಎಲ್ಲಿ ಅಂದುಬಿಟ್ಟಾರೋ ಎಂಬ ಅಳುಕು ಒಂದು ಕಡೆ. ನಾನಿಲ್ಲದಿದ್ದರೆ ಸೆಕ್ಷನ್ ನಡೆಯದು ಎಂಬ ಒಳಗಿನ ಹೆಮ್ಮೆ ಇನ್ನೊಂದು ಕಡೆ. ಮೂವರ ಕೆಲಸ ಒಬ್ಬ ಮಾಡಿ ಮುಗಿಸುತ್ತಿರುವಾಗ ಮೂವರು ಬೇಕೆಂದು ಯಾರಿಗಾದರೂ ಏಕೆ ಅನ್ನಿಸಬೇಕು? ನನ್ನ ನಿಷ್ಠೆಯೇ ಆ ಖಾಲಿ ಕುರ್ಚಿಗಳನ್ನು ಖಾಲಿ ಇಟ್ಟಿತು ಎಂಬುದು ತಡವಾಗಿ ಹೊಳೆದ ಸತ್ಯ.

ಕಾಯಕದ ಹೆಸರೆತ್ತಿದರೆ ನಮಗೆ ರೋಮಾಂಚನವಾಗುತ್ತದೆ. ಆದರೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ನಾವು ಪೂರ್ತಿ ಕೇಳಿಸಿಕೊಂಡಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಕಾಯಕಕ್ಕೆ ನಿಷ್ಠೆಯಿರುವಂತೆ ಅಳತೆಯೂ ಇದೆ ಎಂದು ಅಷ್ಟು ಸ್ಪಷ್ಟವಾಗಿ ತಿಳಿಸಿದವರು ವಿರಳ. ಆಕೆ ಇಂದಿದ್ದರೆ ನನ್ನ ಹೆಚ್ಚುವರಿ ಸೀಟುಗಳನ್ನು ಕಂಡು ಏನೆನ್ನುತ್ತಿದ್ದಳೋ ಊಹಿಸಬಹುದು.

ಅಳತೆ ಮಾಡುವ ಉಪಾಯ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ನಮ್ಮ ನಡತೆ ನಿಯಮಗಳು ಬಂದ ಅದೇ 1964ರಲ್ಲಿ, ಎಷ್ಟು ಕೆಲಸಕ್ಕೆ ಎಷ್ಟು ಜನ ಬೇಕೆಂದು ಅಳೆಯಲು ಹಣಕಾಸು ಮಂತ್ರಾಲಯದಲ್ಲಿ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಎಂಬುದೂ ಹುಟ್ಟಿತು. ಒಂದು ಕಾಗದಕ್ಕೆ ಎಷ್ಟು ನಿಮಿಷ, ಒಬ್ಬನಿಗೆ ದಿನಕ್ಕೆ ಎಷ್ಟು ಕಾಗದ ಎಂದು ಲೆಕ್ಕ ಹಾಕುವ ಶಾಸ್ತ್ರ ಅದು. ಒತ್ತಡದ ಉಪನ್ಯಾಸವನ್ನು ಇಂಥ ಲೆಕ್ಕದಿಂದ ಆರಂಭಿಸಬಾರದೇಕೆ? ಮಂಜೂರಾದ ಹುದ್ದೆ ಎಷ್ಟು, ಕುಳಿತವರು ಎಷ್ಟು? ಒಂದೇ ಮಾಹಿತಿಯನ್ನು ಎಷ್ಟು ಕಡೆಯಿಂದ ಕೇಳುತ್ತಾರೆ? ಇದು ಇಂದು ಆಗದು ಎನ್ನಲು ಯಾರಿಗೆ ಅಧಿಕಾರವಿದೆ? ದಿನ ಎಷ್ಟು ಗಂಟೆಗೆ ಮುಗಿಯುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಬೇಕಾದರೆ ಎಲ್ಲರೂ ಕೂಡಿ ದೀರ್ಘವಾಗಿ ಉಸಿರಾಡೋಣ.

ನಮ್ಮ ಸಂಘದ ಮುಂದಿನ ಕುಟುಂಬ ಮಿಲನಕ್ಕೂ ಒತ್ತಡದ ಬಗ್ಗೆ ಒಬ್ಬ ಭಾಷಣಕಾರರನ್ನು ಕರೆಸುವ ಆಲೋಚನೆಯಿದೆಯೆಂದು ಕಾರ್ಯದರ್ಶಿಗಳು ಹೇಳಿದರು. ಬೇಡವೆನ್ನಲಾರೆ. ಅವರ ಜೊತೆಗೆ ಕಾರ್ಮಿಕ ಕಾನೂನು ಬಲ್ಲ ಒಬ್ಬ ವಕೀಲರನ್ನೂ ಕರೆಸಲಿ ಎಂಬುದು ನನ್ನ ವಿನಂತಿ. ಇನ್ಫೋಪಾರ್ಕ್‌ಗೂ ಟೆಕ್ನೋಪಾರ್ಕ್‌ಗೂ ಹೋಗುವ ನಮ್ಮ ಮಕ್ಕಳು ಮುಂದಿನ ಸಾಲಿನಲ್ಲೇ ಕೂರಲಿ. ಮನೆಗಳಲ್ಲಿ ನಾವು ಅವರನ್ನು ಸಂಬಳ ಎಷ್ಟು, ಬಡ್ತಿ ಯಾವಾಗ ಎಂದು ಕೇಳುತ್ತೇವೆ. ನಾನೂ ಕೇಳುತ್ತಿದ್ದೆ. ಈಚೆಗೆ ಅಕ್ಕನ ಮಗಳನ್ನು, "ನಿಮ್ಮ ತಂಡದಲ್ಲಿ ಎಷ್ಟು ಜನ ಇರಬೇಕು, ಎಷ್ಟು ಜನ ಇದ್ದೀರಿ?" ಎಂದು ಕೇಳಿದೆ. ಅವಳು ಕೈ ತೊಳೆಯಲು ಎದ್ದವಳು ಮತ್ತೆ ಕುಳಿತು, ಬಹಳ ಹೊತ್ತು ಮಾತನಾಡಿದಳು.